ತಕ್ಕಡಿ ಉಳಿಸಿಟ್ಟ ಎಂಟು ಗ್ರಾಂ

ಅವಳಿಗೆ ತಕ್ಕಡಿ ಎಂಬ ಹೆಸರು ಬಿದ್ದದ್ದು ಎರಡನೇ ಕ್ಲಾಸಿನಲ್ಲಿ. ಅಪ್ಪನದು ಬೀದಿ ಮೂಲೆಯ ದಿನಸಿ ಅಂಗಡಿ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯ ತಕ್ಕಡಿ ಅವಳ ಪಾಲಿಗೆ ಬರುತ್ತಿತ್ತು. ಬೆಕ್ಕನ್ನು ತೂಗಿದಳು. ಅರ್ಧ ಗಂಟೆ ಬಿಟ್ಟು ಅದೇ ಬೆಕ್ಕನ್ನು ಮತ್ತೆ ತೂಗಿ, ಹೆಚ್ಚಾದ ಇನ್ನೂರು ಗ್ರಾಮಿನ ಸುದ್ದಿಯನ್ನು ಅಮ್ಮನಿಗೆ ಮುಟ್ಟಿಸಿ, ಅಡುಗೆಮನೆಯ ಹಾಲು ಎಲ್ಲಿಗೆ ಹೋಗುತ್ತಿದೆ ಎಂದು ರುಜುವಾತು ಮಾಡಿದಳು. ಅಷ್ಟಕ್ಕೆ ಬಿಟ್ಟಿದ್ದರೆ ಹೆಸರು ಮನೆಯೊಳಗೇ ಉಳಿಯುತ್ತಿತ್ತೇನೋ. ಆದರೆ ಅವಳು ಲೆಕ್ಕದ ಮೇಷ್ಟ್ರ ಸೀಮೆಸುಣ್ಣಕ್ಕೆ ಕೈ ಹಾಕಿದಳು. ಪಾಠಕ್ಕೆ ಮುಂಚೆ ಒಂದು ಸಲ, ಪಾಠ ಮುಗಿದ ಮೇಲೆ ಒಂದು ಸಲ, ಪಕ್ಕದ ಅಕ್ಕಸಾಲಿಗರ ಪುಟ್ಟ ತಕ್ಕಡಿಯಲ್ಲಿ ಅದನ್ನು ತೂಗಿಸಿಕೊಂಡು ಬಂದು, ತುಂಬಿದ ಕ್ಲಾಸಿನಲ್ಲಿ ಎದ್ದು ನಿಂತು ಹೇಳಿದಳು:

"ಸಾರ್, ಇವತ್ತು ನೀವು ನಮಗೆ ಮೂರು ಗ್ರಾಂ ಲೆಕ್ಕ ಹೇಳ್ಕೊಟ್ರಿ. ನಿನ್ನೆ ಐದಿತ್ತು."

ಮೇಷ್ಟ್ರು ಅವಳನ್ನು ಬಾಗಿಲಾಚೆ ನಿಲ್ಲಿಸಿದರು. ಸಂಜೆ ಅಪ್ಪನನ್ನು ಕರೆಸಿ, "ನಿಮ್ಮ ತಕ್ಕಡೀನ ಮನೇಲೇ ಇಟ್ಕೊಳ್ಳಿ" ಎಂದರು. ಅವರು ಹೇಳಿದ್ದು ವಸ್ತುವಿಗೋ ಮಗಳಿಗೋ ಎಂದು ಅಪ್ಪನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಮಕ್ಕಳಿಗೆ ಮಾತ್ರ ಮರುದಿನವೇ ಗೊತ್ತಾಗಿತ್ತು.

ಇಂಜಿನಿಯರಿಂಗ್ ಮುಗಿಸಿದ ಮೇಲೆ ಅವಳಿಗೆ ಸಿಕ್ಕ ಕೆಲಸ ಡ್ರೋನ್ ಕಂಪನಿಯಲ್ಲಿ. ಮನೆಯವರಿಗೆಲ್ಲ ಹೆಮ್ಮೆ. ಮೊದಲ ದಿನ ಹೋಗಿ ನೋಡಿದರೆ, ಪರದೇಶದಿಂದ ಬಂದ ಪೆಟ್ಟಿಗೆಗಳು ಗೋಡೆಯುದ್ದಕ್ಕೂ. ಪೆಟ್ಟಿಗೆ ಬಿಚ್ಚಬೇಕು, ಯಂತ್ರದ ಹೊಟ್ಟೆಯ ಮೇಲಿನ ಸ್ಟಿಕ್ಕರ್ ಬಿಸಿ ಗಾಳಿ ಹಿಡಿದು ಕೀಳಬೇಕು, ಅಲ್ಲಿಗೆ 'ಸ್ವದೇಶಿ ತಯಾರಿಕೆ' ಎಂಬ ಇನ್ನೊಂದು ಸ್ಟಿಕ್ಕರ್ ಅಂಟಿಸಬೇಕು. ಒಂದು ವರ್ಷದಲ್ಲಿ ಇಂಜಿನಿಯರ್ ಆಗಿ ಅವಳು ತೆಗೆದುಕೊಂಡ ಅತಿ ದೊಡ್ಡ ತೀರ್ಮಾನವೆಂದರೆ ಸ್ಟಿಕ್ಕರನ್ನು ಬಾಲದಿಂದ ಎರಡು ಬೆರಳು ಮುಂದಕ್ಕೆ ಸರಿಸಿದ್ದು.

"ಸಾರ್, ಇದರಲ್ಲಿ ನಮ್ಮದು ಅಂತ ಏನಿದೆ?" ಎಂದು ಯಜಮಾನರನ್ನು ಒಂದು ದಿನ ಕೇಳಿಯೇಬಿಟ್ಟಳು.

"ಅಂಟು ನಮ್ಮದೇ ಅಲ್ವೇನಮ್ಮ?" ಎಂದರು ಯಜಮಾನರು. ಅವರ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

ಅಂಟು ಕೂಡ ಹೊರಗಿನದು ಎಂದು ಡಬ್ಬಿ ತಿರುಗಿಸಿ ತೋರಿಸಿದ ದಿನವೇ ಅವಳು ಕೆಲಸ ಬಿಟ್ಟಳು. ಯಜಮಾನರು ಸಿಟ್ಟು ಮಾಡಿಕೊಳ್ಳುವ ಜಾತಿಯವರಲ್ಲ. "ಹೋಗಿ ಬಾ. ಒಂದು ಮೋಟಾರ್ ಸುತ್ತಿ ನೋಡು, ತಾನಾಗೇ ವಾಪಸ್ ಬರ್ತೀಯ. ನಿನ್ನ ಕುರ್ಚಿ ಹಾಗೇ ಇರತ್ತೆ" ಎಂದು ಹರಸಿ ಕಳಿಸಿದರು. ಬಯ್ದಿದ್ದರೆ ಮರೆಯಬಹುದಿತ್ತು. ಹರಕೆಯನ್ನು ಮರೆಯುವುದು ಹೇಗೆ?

ಅಷ್ಟರಲ್ಲಿ ಅವಳಿಗೆ ಮದುವೆಯಾಗಿತ್ತು. ಗಂಡ ಹಲ್ಲಿನ ಡಾಕ್ಟರು. ಮನೆಯ ಕೆಳಗಿನ ಮುಂಭಾಗದಲ್ಲಿ ಅವನ ಕ್ಲಿನಿಕ್ಕು, ಹಿಂದೆ ಸಂಸಾರ, ಮೇಲೆ ಮಹಡಿಯಲ್ಲಿ ಹುಟ್ಟಲಿರುವ ಮಗುವಿಗೆಂದು ತಿಳಿ ಹಸಿರು ಬಣ್ಣ ಹೊಡೆಸಿಟ್ಟ ಒಂದು ರೂಮು. ಆ ರೂಮಿಗೆ ಮಗುವಿಗಿಂತ ಮುಂಚೆ ಮೇಜು, ಬೆಸುಗೆ ಕಡ್ಡಿ ಮತ್ತು ತೂಕದ ಯಂತ್ರ ಬಂದವು. ಮಗಳು ಹುಟ್ಟಿದಾಗ ತೊಟ್ಟಿಲಿಗೆ ಜಾಗ ಉಳಿದದ್ದು ಅಡುಗೆಮನೆ ಬಾಗಿಲ ಪಕ್ಕ. ಅತ್ತೆ ಆಗ ಏನೂ ಅನ್ನಲಿಲ್ಲ. ಅನ್ನದೇ ಇರುವುದನ್ನು ದಿನಕ್ಕೆ ನಾಲ್ಕು ಸಲ, ಎಲ್ಲರಿಗೂ ಕೇಳುವ ಹಾಗೆ ಮಾಡಿದರು.

ಮೋಟಾರು ಸುತ್ತುವವರನ್ನು ಹುಡುಕಿಕೊಂಡು ಅವಳು ಹೋದದ್ದು ಎರಡು ಬೀದಿ ಆಚೆಯ ಫ್ಯಾನ್ ರಿಪೇರಿ ಅಂಗಡಿಗೆ. ಎಲ್ಲರೂ ಮೇಷ್ಟ್ರೆಂದೇ ಕರೆಯುವ ಅಲ್ಲಿನ ಹಿರಿಯರು ನಲವತ್ತು ವರ್ಷದಿಂದ ಸುಟ್ಟುಹೋದ ಸೀಲಿಂಗ್ ಫ್ಯಾನುಗಳಿಗೆ ಹೊಸ ತಂತಿ ಸುತ್ತುತ್ತಾ ಬಂದವರು. ನಿಂಬೆಹಣ್ಣಿನಷ್ಟು ದಪ್ಪದ ಮೋಟಾರನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಇದೇನಮ್ಮ, ಇರುವೆ ಮನೆ ಫ್ಯಾನಾ?"

"ಹಾರೋ ಯಂತ್ರದ್ದು ಮೇಷ್ಟ್ರೇ. ಒಳಗಿನ ಒಂದೊಂದು ಹಲ್ಲಿಗೂ ಹದಿನಾಲ್ಕು ಸುತ್ತು ತಂತಿ. ಹದಿಮೂರೂ ಆಗಬಾರದು, ಹದಿನೈದೂ ಆಗಬಾರದು."

"ಹಲ್ಲು ನಿನ್ನ ಗಂಡನ ಇಲಾಖೆ ಅಲ್ವಾ?" ಎಂದು ನಕ್ಕು ಮೇಷ್ಟ್ರು ಮರುದಿನ ಬೆಳಿಗ್ಗೆ ಮಹಡಿ ಹತ್ತಿಯೇಬಿಟ್ಟರು.

ಅವರು ಗಟ್ಟಿಯಾಗಿ ಎಣಿಸಿಕೊಂಡೇ ಸುತ್ತುವವರು. ನಡುವೆ ಯಾರಾದರೂ ಮಾತಾಡಿದರೆ ಎಣಿಕೆ ತಪ್ಪುತ್ತಿತ್ತು, ಬಿಚ್ಚಿ ಮತ್ತೆ ಒಂದರಿಂದ. ಅತ್ತೆಗೆ ಇದು ಗೊತ್ತಾದ ಮೇಲೆ ಸರಿಯಾಗಿ ಎಣಿಕೆ ಹನ್ನೊಂದು ಹನ್ನೆರಡಕ್ಕೆ ಬಂದ ಹೊತ್ತಿಗೆ ಮೆಟ್ಟಿಲ ಬುಡದಿಂದ "ಮೇಷ್ಟ್ರೇ, ಟೀಗೆ ಸಕ್ಕರೆ ಎಷ್ಟು?" ಎಂಬ ಪ್ರಶ್ನೆ ಬರತೊಡಗಿತು. ಮೂರನೇ ದಿನ ಮೇಷ್ಟ್ರು 'ಸಕ್ಕರೆ ಬಿಟ್ಟೆ' ಎಂದು ಒಂದು ಚೀಟಿಯಲ್ಲಿ ಬರೆದು ಕೆಳಗೆ ಕಳಿಸಿದರು. ಈ ಎಣಿಕೆಯನ್ನೇ ಕೇಳಿ ಬೆಳೆದ ಮಗಳು ಹತ್ತನೇ ತಿಂಗಳಲ್ಲಿ ಮೊಟ್ಟಮೊದಲು ಆಡಿದ ಮಾತು ಅಮ್ಮ ಅಲ್ಲ, ಅಪ್ಪನೂ ಅಲ್ಲ. "ಅದಿನಾಕು." ಅಜ್ಜಿ ಅದನ್ನು 'ಅಜ್ಜಿ' ಎಂದೇ ಹೇಳಿದ್ದು ಎಂದು ನೆರೆಹೊರೆಗೆಲ್ಲ ಸಾರಿದರು.

ಮಗು ಇರುವ ಮನೆಯಲ್ಲಿ ಸ್ಕ್ರೂ ನೆಲಕ್ಕೆ ಬಿದ್ದ ಸದ್ದು ಎದೆಗೆ ಏನು ಮಾಡುತ್ತದೆ ಎಂಬುದು ತಾಯಂದಿರಿಗೇ ಗೊತ್ತು. ಆ ಸದ್ದು ಎಷ್ಟು ಸಣ್ಣದೋ ಅದರ ಹಿಂದಿನ ಯೋಚನೆಗಳು ಅಷ್ಟು ದೊಡ್ಡವು. ತಕ್ಕಡಿ ದಿನಾ ಬೆಳಿಗ್ಗೆ ಸ್ಕ್ರೂ ಎಣಿಸುತ್ತಿದ್ದಳು, ಸಂಜೆ ಎಣಿಸುತ್ತಿದ್ದಳು. ಒಂದು ಸಂಜೆ ನೂರ ನಲವತ್ತರಲ್ಲಿ ಒಂದು ಕಡಿಮೆ ಬಂತು. ಚಾಪೆ ಒದರಿದಳು, ಮೇಜಿನ ಕೆಳಗೆ ಅಯಸ್ಕಾಂತ ಎಳೆದಳು, ಮಗುವಿನ ಬಾಯೊಳಗೆ ಬೆರಳು ಹಾಕಿ ಕಚ್ಚಿಸಿಕೊಂಡಳು, ಕೊನೆಗೆ ಮಗುವನ್ನೇ ತೂಗಿದಳು. ನಿನ್ನೆಗಿಂತ ಮೂವತ್ತು ಗ್ರಾಂ ಹೆಚ್ಚಿದ್ದಾಳೆ! ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಮಕ್ಕಳ ಡಾಕ್ಟರ ಹತ್ತಿರ ಓಡಲು ಹೊರಟವಳನ್ನು ಅತ್ತೆ ಬಾಗಿಲಲ್ಲಿ ತಡೆದರು.

"ಎಲ್ಲಿಗೆ ಈ ಅವತಾರದಲ್ಲಿ?"

"ಸ್ಕ್ರೂ ನುಂಗಿದಾಳೆ ಅತ್ತೆ!"

"ಒಂದು ಸ್ಕ್ರೂ ಮೂವತ್ತು ಗ್ರಾಂ ಇರತ್ತಾ? ಅದು ನಾನು ತಿನ್ನಿಸಿದ ಬಾಳೆಹಣ್ಣು." ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಸ್ಕ್ರೂ ಇಲ್ಲಿದೆ ನೋಡು. ಕನ್ನಡಕದ ಕಡ್ಡಿ ಅಲ್ಲಾಡ್ತಿತ್ತು, ನಿನ್ನದೊಂದು ಹಾಕ್ಕೊಂಡೆ. ಅಷ್ಟು ಚೆನ್ನಾಗಿ ಕೂತಿದೆ!"

ಆ ರಾದ್ಧಾಂತದ ಮರುದಿನವೇ ಮಹಡಿ ರೂಮಿನ ಗೋಡೆಗೆ ಕಪ್ಪು ಬೋರ್ಡು ಬಂತು. ಅವಳ ಯಂತ್ರ ಕ್ಯಾಮೆರಾ, ಬ್ಯಾಟರಿ ಸಮೇತ ಎರಡು ಕಿಲೋ ದಾಟುವಂತಿರಲಿಲ್ಲ. ಆ ವರ್ಗದಲ್ಲೇ ಅನುಮತಿಗೆ ಅರ್ಜಿ ಹಾಕಿದ್ದಳು. ಹೊಲ ಅಳೆಯುವವರಿಗೆ, ಸೇತುವೆ ತಳ ನೋಡುವವರಿಗೆ ಬೇಕಿದ್ದದ್ದೂ ಅಷ್ಟು ಹಗುರದ್ದೇ. ಆದ್ದರಿಂದ ಪ್ರತಿ ಭಾಗದ ತೂಕ ಬೋರ್ಡಿನ ಮೇಲೆ. ತಂತಿ ಅರ್ಧ ಗೇಣು ಮೊಟಕಾದರೆ ಅಳಿಸಿ ಬರೆಯುವುದು, ಬೆಸುಗೆ ಒಂದು ಹನಿ ಹೆಚ್ಚಾದರೆ ಅಳಿಸಿ ಬರೆಯುವುದು. ಎಲ್ಲಕ್ಕೂ ಕೆಳಗೆ, ದೊಡ್ಡ ಅಕ್ಷರದಲ್ಲಿ, 'ಇನ್ನು ಮಿಕ್ಕಿದ್ದು' ಎಂದು ಒಂದು ಅಂಕಿ. ಎರಡು ಕಿಲೋ ಮುಟ್ಟಲು ಇನ್ನೂ ಎಷ್ಟು ಗ್ರಾಂ ಬಾಕಿ ಇದೆ ಎಂಬುದು. ಮನೆಯವರೆಲ್ಲ ಬೆಳಿಗ್ಗೆ ಎದ್ದು ಗಡಿಯಾರ ನೋಡುವ ಹಾಗೆ ಆ ಅಂಕಿ ನೋಡತೊಡಗಿದರು. ಗಂಡ ಊಟಕ್ಕೆ ಕೂತು "ಇನ್ನು ಎರಡು ತುತ್ತು ಮಿಕ್ಕಿದ್ದು" ಎನ್ನುವ ಮಟ್ಟಕ್ಕೆ ಬಂತು.

ಯಂತ್ರ ತಯಾರಾದ ಮೇಲೆ ಸರ್ಕಾರಿ ಪರೀಕ್ಷೆ. ಊರಾಚೆಯ ಬಯಲಲ್ಲಿ ಐದು ಸಲ ಏರಿ ಐದು ಸಲ ಇಳಿಯಬೇಕು, ಹತ್ತು ನಿಮಿಷ ಗಾಳಿಯಲ್ಲಿ ನಿಂತಲ್ಲೇ ನಿಲ್ಲಬೇಕು. ಪರೀಕ್ಷಕರು ಒಳಗಿನ ಭಾಗಗಳನ್ನು ಬಿಚ್ಚಿಸಿ, ಯಾವುದನ್ನು ಎಲ್ಲಿ ಮಾಡಿದ್ದು ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳುತ್ತಾರೆ. ಒಟ್ಟು ಮೂರು ಅವಕಾಶ. ಮೂರನೆಯದೂ ತಪ್ಪಿದರೆ ಎರಡು ವರ್ಷ ಆ ಕಡೆ ತಲೆ ಹಾಕುವಂತಿಲ್ಲ.

ಮೊದಲ ಸಲ ಯಂತ್ರ ಒಂದು ಗೇಣು ಎದ್ದು, ಬಯಲಿನ ಧೂಳಲ್ಲಿ ಜಿರಳೆಯ ಹಾಗೆ ಬೆನ್ನ ಮೇಲೆ ಬಿದ್ದುಕೊಂಡು ಗುರ್ರೆಂದಿತು. ಡ್ರೋನಿನ ನಾಲ್ಕು ರೆಕ್ಕೆಗಳಲ್ಲಿ ಎರಡು ಎಡಕ್ಕೆ ತಿರುಗುವಂಥವು, ಎರಡು ಬಲಕ್ಕೆ. ಹಿಂದಿನ ದಿನ ಮಗುವಿಗೆ ಜ್ವರ ಎಂದು ಮೂರು ಸಲ ಎದ್ದು ಹೋದವಳು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ್ದಳು. ಪರೀಕ್ಷಕರು ತೆಳ್ಳಗಿನ, ಇಸ್ತ್ರಿ ಮಾಡಿದ ಮನುಷ್ಯ. ಧ್ವನಿ ಎತ್ತದವರು. "ಹಾರಲಿಲ್ಲ" ಎಂದು ಒಂದೇ ಪದ ಬರೆದರು.

ಎರಡನೇ ಸಲ ಹಾರಿತು. ಎಷ್ಟು ಚೆನ್ನಾಗಿ ಹಾರಿತೆಂದರೆ ಫ್ಯಾನ್ ಮೇಷ್ಟ್ರು ಟೋಪಿ ತೆಗೆದರು. ನಾಲ್ಕು ಸಲ ಇಳಿಯಿತು. ಐದನೇ ಸಲ ಇಳಿಯುವಾಗ ಟಕ್ ಎಂದು ಒಂದು ಕಾಲು ಮುರಿಯಿತು. "ಕಾಲು ಮುರಿದಿದೆ" ಎಂದು ಪರೀಕ್ಷಕರು ಬರೆದರು.

ಆ ನಾಲ್ಕಕ್ಷರದ 'ಮುರಿದಿದೆ'ಯನ್ನು ನಾಲ್ಕೂ ಜನ ಮನೆಗೆ ಹೊತ್ತು ತಂದರು. ಆ ಸಂಜೆ ತಕ್ಕಡಿ ಅಡುಗೆಮನೆಯ ಬಾಗಿಲಲ್ಲಿ, ತೊಟ್ಟಿಲ ಪಕ್ಕ ನಿಂತು ಮಾತು ಕೊಟ್ಟಳು. "ಮೂರನೇ ಸಲವೂ ಆಗಲಿಲ್ಲ ಅಂದ್ರೆ ಮಹಡಿ ರೂಮು ಮಗೂಗೆ. ನಾನು ಸ್ಟಿಕ್ಕರ್ ಕುರ್ಚಿಗೆ."

ಅತ್ತೆ "ಹಾಗೆಲ್ಲ ಅನ್ಬೇಡ, ಬಿಡ್ತು ಅನ್ನು" ಎಂದರು. ದಿನಕ್ಕೆ ನಾಲ್ಕು ಸಲ ಅನ್ನದೇ ಇದ್ದವರು ಒಂದು ಸಲ ಅಂದದ್ದು ಅದು.

ಮುಂದಿನ ನಾಲ್ಕು ತಿಂಗಳು ಅವಳು ಕಾಲುಗಳನ್ನು ಹೊಸದಾಗಿ ಮಾಡಿದಳು. ಕಡ್ಡಿಯಷ್ಟು ಹಗುರದ ಕಾರ್ಬನ್ ಕೊಳವೆ. ಲೆಕ್ಕದ ಪ್ರಕಾರ ಹನ್ನೆರಡು ಸೆಂಟಿಮೀಟರ್ ಸಾಕಿತ್ತು, ಮೋಟು ಕಾಲು ಉದ್ದ ಕಾಲಿಗಿಂತ ಗಟ್ಟಿ ಎಂದು ಅವಳ ಲೆಕ್ಕವೇ ಹೇಳುತ್ತಿತ್ತು. ಆದರೆ ಹೊಟ್ಟೆಯ ಕೆಳಗಿನ ಕ್ಯಾಮೆರಾ ನೆಲಕ್ಕೆ ಬಡಿದರೆ? ಬಡಿಯುವುದಿಲ್ಲ, ಆದರೂ ಬಡಿದರೆ? ಎಂದು ಕೊರಗಿ ಕೊರಗಿ ಹದಿನಾಲ್ಕು ಮಾಡಿದಳು. ಪರೀಕ್ಷೆಯ ಹಿಂದಿನ ಸಂಜೆ ಐದಕ್ಕೆ ಕೊನೆಯ ತೂಕ. ಸಾವಿರದ ಒಂಬೈನೂರ ತೊಂಬತ್ತೆರಡು. ಬೋರ್ಡಿನ ಮೇಲೆ 'ಇನ್ನು ಮಿಕ್ಕಿದ್ದು: ಎಂಟು' ಎಂದು ಬರೆದು, ಸುತ್ತ ಒಂದು ಚೌಕ ಹಾಕಿದಳು.

ಮರುದಿನ ಬೆಳಿಗ್ಗೆ ಹಳೆಯ ಯಜಮಾನರಿಂದ ಫೋನಿಗೆ ಒಂದು ಸಂದೇಶ ಬಂದಿತ್ತು. 'ಕುರ್ಚಿ ಒರೆಸಿಡಲಾ?'

ಹನ್ನೊಂದು ಗಂಟೆಗೆ ಬಯಲಿನ ಶೆಡ್ಡಿನಲ್ಲಿ ಪರೀಕ್ಷಕರು ಯಂತ್ರವನ್ನು ತಮ್ಮ ತೂಕದ ಯಂತ್ರದ ಮೇಲಿಟ್ಟು ಗಾಜಿನ ಮುಚ್ಚಳ ಎಳೆದರು. ಎಂದಿನ ಧ್ವನಿಯಲ್ಲಿ ಓದಿದರು.

"ಎರಡು ಸಾವಿರದ ಹತ್ತೊಂಬತ್ತು."

"ಎಷ್ಟು?"

"ಹತ್ತೊಂಬತ್ತು ಗ್ರಾಂ ಹೆಚ್ಚು."

"ಸಾರ್, ನಿಮ್ಮ ತೂಕದ ಯಂತ್ರ ಕೆಟ್ಟಿರಬೇಕು."

"ಇರಬಹುದು." ಅವರು ಡ್ರೋನ್ ತೆಗೆದು, ಎರಡು ಕಿಲೋದ ತೂಕದ ಕಲ್ಲು ಇಟ್ಟರು. ಸರಿಯಾಗಿ ಎರಡು ಸಾವಿರ. "ಕೆಟ್ಟಿಲ್ಲ."

ಜೀವಮಾನವೆಲ್ಲ ತೂಗಿದವಳು ತೂಕದಲ್ಲಿ ಬಿದ್ದರೆ ಊರು ನಗುವುದು ಇರಲಿ, ಆ ಕುರ್ಚಿ ಒರೆಸುವ ಬಟ್ಟೆಯೇ ತಕ್ಕಡಿಯ ಕಣ್ಣಿಗೆ ಕಾಣತೊಡಗಿತು.

ಪರೀಕ್ಷಕರು ಗಡಿಯಾರ ನೋಡಿದರು. "ನಾನೀಗ ಟೀಗೆ ಹೋಗ್ತೀನಿ. ಬಿಸಿ ಟೀ ನನಗಾಗಲ್ಲ, ಆರಿಸಿ ಆರಿಸಿ ಕುಡೀತೀನಿ. ಇಪ್ಪತ್ತೈದು ನಿಮಿಷ ಆಗತ್ತೆ. ಬಂದ ಮೇಲೆ ತೂಗಿದ್ದನ್ನೇ ಬರ್ಕೊಳ್ಳೋದು." ಪೆನ್ನಿನ ಮುಚ್ಚಳ ಹಾಕಿಕೊಂಡು ಹೋದರು.

ಅವಳು ತಿರುಗಿದಳು. ಎದುರಿಗೆ ಮೂವರು. ಮಗುವನ್ನು ಸೊಂಟಕ್ಕಿಟ್ಟುಕೊಂಡ ಅತ್ತೆ, ಒಂದು ದಿನದ ಮಟ್ಟಿಗೆ ಕ್ಲಿನಿಕ್ ಮುಚ್ಚಿ ಬಂದ ಗಂಡ, ಚೀಲ ಹಿಡಿದ ಫ್ಯಾನ್ ಮೇಷ್ಟ್ರು. ಮೇಷ್ಟ್ರು ಶೆಡ್ಡಿನ ತಗಡು ನೋಡುತ್ತಿದ್ದರು. ಗಂಡ ಮೊಬೈಲಿನ ಗಾಜು ಒರೆಸುತ್ತಿದ್ದ.

"ಯಾರು?" ಎಂದಳು.

"ನನ್ನನ್ಯಾಕೆ ನೋಡ್ತೀಯಾ?" ಎಂದರು ಅತ್ತೆ. "ನಾನು ಎಂಟರೊಳಗೇ ಮುಗಿಸಿದೀನಿ."

"ಯಾವ ಎಂಟು?"

"ಬೋರ್ಡಿನ ಎಂಟು ಕಣೇ! ಮಿಕ್ಕಿದೆ ಅಂತ ನೀನೇ ಬರೆದಿದ್ದೆ. ಬ್ಯಾಟರಿ ಪಟ್ಟಿ ನೋಡಿದ್ರೆ ಯಾವಾಗ ಕಿತ್ತು ಬರತ್ತೋ ಅನ್ನೋ ಹಾಗಿತ್ತು. ನೀನು ಸ್ನಾನಕ್ಕೆ ಹೋದಾಗ ಒಳಗೆ ಇನ್ನೊಂದು ಪದರ ಬಟ್ಟೆ ಕೊಟ್ಟು ಎರಡು ಸಾಲು ಹೊಲಿಗೆ ಹಾಕಿದೆ. ತೂಗಿಯೇ ಹಾಕಿದ್ದು. ಏಳು ಗ್ರಾಂ. ಒಂದು ನಿನಗೇ ಬಿಟ್ಟಿದೀನಿ."

"ಅಮ್ಮಾ!" ಎಂದು ಗಂಡ ಕೂಗಿದ. "ಆ ಎಂಟು ನಾನು ತಗೊಂಡಾಗಿತ್ತು!"

"ನೀನ್ಯಾವಾಗ ತಗೊಂಡೆ?"

"ನಿನ್ನೆ ರಾತ್ರಿ, ಇವಳು ಮಗೂಗೆ ತಿನ್ನಿಸ್ತಾ ಇದ್ದಾಗ." ಅವನು ಹೆಂಡತಿಯ ಕಡೆ ನೋಡದೆ ಹೇಳಿದ. "ಕಾಲು ಟೊಳ್ಳು ಅಲ್ವಾ... ತುದೀಲಿ ಹಲ್ಲಿನ ಸಿಮೆಂಟ್ ತುಂಬಿದೆ. ಒಂದೊಂದಕ್ಕೆ ಎರಡು ಗ್ರಾಂ. ನೀಲಿ ಲೈಟು ಹಿಡಿದು ಗಟ್ಟಿ ಮಾಡಿದೀನಿ. ಇಪ್ಪತ್ತು ವರ್ಷ ಏನೂ ಆಗಲ್ಲ. ದವಡೆ ಹಲ್ಲಿಗೇ ಹಾಕೋದು ಅದನ್ನ!"

"ರೀ, ಡ್ರೋನ್ ಏನು ಚಕ್ಕುಲಿ ಅಗಿಯತ್ತೇನ್ರೀ?"

ಮೇಷ್ಟ್ರು ಕೆಮ್ಮಿದರು. "ಅವರದ್ದು ಎಂಟು, ಇವರದ್ದು ಏಳು ಅಂದ್ರೆ... ನನ್ನ ಆರು ಯಾವ ಲೆಕ್ಕಕ್ಕೆ ಬಂತು?"

"ಮೇಷ್ಟ್ರೇ, ನೀವೂನಾ?"

"ವಾರ್ನಿಷ್ ಅಮ್ಮಾ. ಬೆಳಿಗ್ಗೆ ಶುಭ ಹಾರೈಸೋಣ ಅಂತ ಬಂದೆ, ಮನೇಲಿ ಯಾರೂ ಕಾಣಲಿಲ್ಲ, ಸುಮ್ಮನೆ ಕೂರೋದ್ಯಾಕೆ ಅಂತ ನಾಲ್ಕೂ ಮೋಟಾರಿಗೆ ಇನ್ನೊಂದು ಕೈ ಬಳಿದೆ. ಆದ್ರೆ ಅದು ಹಸಿ. ಒಣಗಿದ್ರೆ ಎರಡು ಗ್ರಾಂ ಇಳಿಯತ್ತೆ."

"ಯಾವಾಗ ಒಣಗತ್ತೆ?"

"ನಾಳೆ ಸಂಜೆ ಹೊತ್ತಿಗೆ ಖಂಡಿತ."

ತಕ್ಕಡಿ ಬೈಯತೊಡಗಿದಳು. ಅತ್ತೆ ಎನ್ನುವ ಮುಲಾಜು ಬಹುವಚನದಲ್ಲಿ ಮಾತ್ರ ಉಳಿದಿತ್ತು. ಕೇಳದೆ ಕೈ ಹಾಕುವುದು ಈ ಮನೆಯ ರೋಗ, ಕನ್ನಡಕದಿಂದ ಶುರುವಾದದ್ದು ಇಲ್ಲಿಗೆ ಬಂತು, ಒಂದು ಸಲ ತೂಗಿ ಮುಗಿಸಿದ ಮೇಲೆ ಅದನ್ನು ಮುಟ್ಟುವವರಿಗೆ ಮನಸ್ಸಾದರೂ ಹೇಗೆ ಬರುತ್ತದೆ, ಒಂದೇ ಎಂಟು ಗ್ರಾಮನ್ನು ಮೂರು ಜನ ಕೂತು ತಿನ್ನುವುದೇ? ಮೂವರೂ ತಲೆ ತಗ್ಗಿಸಿದರು. ಅತ್ತೆ ತಗ್ಗಿಸಿದ ತಲೆಯಲ್ಲೇ ಬೆರಳು ಮಡಚುತ್ತಿದ್ದರು.

"ಎಂಟು, ಏಳು, ಆರು. ಇಪ್ಪತ್ತೊಂದು ಆಯ್ತು," ಎಂದರು. "ನೀನು ನಿನ್ನೆ ತೂಗಿದ್ದು ಎಷ್ಟು?"

"ತೊಂಬತ್ತೆರಡು."

"ಹಾಗಾದ್ರೆ ಎರಡು ಸಾವಿರದ ಹದಿಮೂರು ಆಗ್ಬೇಕಿತ್ತು. ಅವರು ಹತ್ತೊಂಬತ್ತು ಅಂದ್ರು." ಅತ್ತೆ ತಲೆ ಎತ್ತಿದರು. "ಇನ್ನೂ ಆರು ಗ್ರಾಂ ಯಾರದ್ದೇ?"

ತಕ್ಕಡಿ ತನ್ನ ಚಪ್ಪಲಿ ನೋಡಿಕೊಂಡಳು.

"ಸ್ಕ್ರೂ," ಎಂದಳು, ಮಗುವಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ.

"ಏನಂದೆ?"

"ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದಿದ್ದೆ. ತೋಳಿನ ಸ್ಕ್ರೂ ಹದಿನಾರೂ ತೆಗೆದು ಉದ್ದದ್ದು ಹಾಕಿದೆ. ಹೆದರಿಕೆ ಆಯ್ತು. ಆರೇ ಗ್ರಾಂ, ಎಂಟಿದೆಯಲ್ಲ ಅಂತ ತೂಗಲಿಲ್ಲ."

ಮೇಷ್ಟ್ರು ಚೀಲ ಕೆಳಗಿಟ್ಟರು. "ಅಮ್ಮಾ, ಈಗ ಬೈದ್ಯಲ್ಲ, ಅದರಲ್ಲಿ ನಾಲ್ಕನೇ ಒಂದು ಭಾಗ ನೀನೇ ವಾಪಸ್ ತಗೋ."

ಅತ್ತೆಗೆ ಮೊದಲು ನಗು ಬಂತು, ಆಮೇಲೆ ಗಂಡನಿಗೆ. ತಕ್ಕಡಿ ನಗಲಿಲ್ಲ, ನಗುವಷ್ಟು ಹೊತ್ತಿರಲಿಲ್ಲ. ಟೀ ಆರುವುದಕ್ಕೆ ಹದಿನೆಂಟು ನಿಮಿಷ ಉಳಿದಿತ್ತು.

ಹಳೆಯ ಗಿಡ್ಡ ಸ್ಕ್ರೂಗಳು ಅವಳ ಚೀಲದಲ್ಲೇ ಇದ್ದವು. ಅವಳೂ ಗಂಡನೂ ತಲಾ ಎಂಟರಂತೆ ಬದಲಿಸತೊಡಗಿದರು. ಬಾಯಿ ಅಗಲಿಸಿದವರ ಒಳಗೆ ಕೈಯಾಡಿಸಿ ಪಳಗಿದವನಿಗೆ ಆ ಇಕ್ಕಟ್ಟು ಲೆಕ್ಕಕ್ಕೇ ಇರಲಿಲ್ಲ. ಅತ್ತೆ ಸೇಫ್ಟಿ ಪಿನ್ನಿನಿಂದ ತಮ್ಮದೇ ಹೊಲಿಗೆ ಬಿಚ್ಚುತ್ತಾ, "ಎಷ್ಟು ಗಟ್ಟಿ ಹಾಕಿದೀನಿ ನೋಡು, ಬರೋದೇ ಇಲ್ಲ" ಎಂದು ಬೇಜಾರನ್ನೂ ಹೆಮ್ಮೆಯನ್ನೂ ಒಟ್ಟಿಗೇ ತೋಡಿಕೊಂಡರು. ಮತ್ತೆ ತೂಕ. ಎರಡು ಸಾವಿರದ ಆರು.

ವಾರ್ನಿಷ್ ಹೋಗುವುದಲ್ಲ. ಸಿಮೆಂಟ್ ಕೀಳಲು ಕ್ಲಿನಿಕ್ಕಿನ ಡ್ರಿಲ್ ಬೇಕು. ಗಂಡ ಮೊದಲ ಬಾರಿ ತನ್ನ ಕೆಲಸದ ಗಟ್ಟಿತನಕ್ಕೆ ನಾಚಿಕೊಂಡ. ಉಳಿದದ್ದು ಒಂಬತ್ತು ನಿಮಿಷ.

ತಕ್ಕಡಿ ಯಂತ್ರವನ್ನು ಮಗುಚಿ ಹಾಕಿ ನಾಲ್ಕು ಕಾಲುಗಳನ್ನೂ ನೋಡಿದಳು. ಸಿಮೆಂಟ್ ಇದ್ದದ್ದು ತುದಿಯ ಎರಡು ಸೆಂಟಿಮೀಟರಿನಲ್ಲಿ. ಯಾವ ಎರಡನ್ನು ಹೆದರಿಕೆಗೆ ಸೇರಿಸಿದ್ದಳೋ ಆ ಎರಡರಲ್ಲಿ.

"ಮೇಷ್ಟ್ರೇ, ಗರಗಸದ ಬ್ಲೇಡ್ ಇದೆಯಾ?"

"ಯಾಕಮ್ಮಾ?"

"ಕಾಲು ಕಡೀಬೇಕು."

"ಹೋದ ಸಲ ಮುರಿದದ್ದೇ ಕಾಲು! ಅದನ್ನೇ ಕಡೀತೀಯಾ?" ಎಂದು ಅತ್ತೆ ಚೀರಿದರು.

"ಮೋಟಾದ್ರೆ ಗಟ್ಟಿ ಅತ್ತೆ. ಲೆಕ್ಕ ಮುಂಚಿನಿಂದ ಹಾಗೇ ಹೇಳ್ತಾ ಇತ್ತು. ನಾನೇ ಲೆಕ್ಕ ಕೇಳದೆ ಹೆದರಿಕೆ ಮಾತು ಕೇಳಿದೆ." ಅವಳು ಬ್ಲೇಡು ತೆಗೆದುಕೊಂಡಳು. "ಮಗೂನ ಆ ಕಡೆ ಕರ್ಕೊಂಡು ಹೋಗಿ. ಈ ಪುಡಿ ಉಸಿರಿಗೆ ಒಳ್ಳೇದಲ್ಲ. ಇನ್ನೂ ಆ ಕಡೆ. ಮೂಗಿಗೆ ಬಟ್ಟೆ ಹಿಡೀರಿ. ಒದ್ದೆ ಮಾಡಿ ಹಿಡೀರಿ!"

ಗಂಡ ಯಂತ್ರ ಹಿಡಿದ, ಮೇಷ್ಟ್ರು ಪೆನ್ನಿನಲ್ಲಿ ಗೀಟು ಹಾಕಿದರು, ಅವಳು ಕೊಯ್ದಳು. ಒಂದು, ಎರಡು, ಮೂರು ತುಂಡು ದವಡೆ ಹಲ್ಲಿನ ಹಾಗೆ ಟಣ್ ಎಂದು ನೆಲಕ್ಕೆ ಬಿದ್ದವು. ನಾಲ್ಕನೆಯದನ್ನು ಕೊಯ್ಯುವಾಗ ಪರೀಕ್ಷಕರ ಬೂಟಿನ ಸದ್ದು ಶೆಡ್ಡಿನ ಹಿಂದಿನಿಂದ ಕೇಳಿಸಿತು. ಕೈ ಜಾರಿ ಬ್ಲೇಡು ಗೀಟು ಬಿಟ್ಟು ಮೇಲಕ್ಕೆ ಹೋಯಿತು. ನೋಡುವಷ್ಟು ಪುರುಸೊತ್ತಿಲ್ಲ, ಕೊಯ್ದು ಮುಗಿಸಿದಳು.

"ಸಾವಿರದ ಒಂಬೈನೂರ ತೊಂಬತ್ತನಾಲ್ಕು," ಎಂದು ಓದಿ ಪರೀಕ್ಷಕರು ಬರೆದುಕೊಂಡರು. ನೆಲದ ಮೇಲಿನ ಕಪ್ಪು ಪುಡಿಯನ್ನೂ ನಾಲ್ಕು ತುಂಡುಗಳನ್ನೂ ನೋಡಿದರು. ಯಂತ್ರವನ್ನು ಬಯಲಿಗೆ ಒಯ್ಯಿರಿ ಎಂದು ಕೈ ತೋರಿಸಿದರು.

ಯಂತ್ರ ಏರಿತು. ಹತ್ತು ನಿಮಿಷ ಗಾಳಿಯಲ್ಲಿ ಮೊಳೆ ಹೊಡೆದ ಹಾಗೆ ನಿಂತಿತು. ಇಳಿಯಿತು. ಒಂದು. ಮತ್ತೆ ಏರಿತು, ಇಳಿಯಿತು. ಎರಡು. ಮೂರನೆಯದಕ್ಕೆ ಗಾಳಿ ಬೀಸಿ ಸ್ವಲ್ಪ ಓರೆಯಾಗಿ ಇಳಿಯಿತು, ತಕ್ಕಡಿ ಕಣ್ಣು ಮುಚ್ಚಿದಳು, ಟಕ್ ಎಂದದ್ದು ಕಾಲಲ್ಲ, ಅತ್ತೆ ಗಾಬರಿಯಲ್ಲಿ ಬಿಟ್ಟ ನೀರಿನ ಬಾಟಲಿ. ನಾಲ್ಕು. ಐದನೇ ಸಲ ಯಂತ್ರ ಇಳಿಯುವಾಗ ಮೇಷ್ಟ್ರು ಅಭ್ಯಾಸಬಲದಿಂದ ಗಟ್ಟಿಯಾಗಿ ಎಣಿಸುತ್ತಿದ್ದರು, ಯಾರೂ ಉಸಿರು ಬಿಡಲಿಲ್ಲ, ನಡುವೆ ಮಾತಾಡಿದರೆ ಮತ್ತೆ ಒಂದರಿಂದ ಏರಬೇಕಾಗುತ್ತದೇನೋ ಎನ್ನುವ ಹಾಗೆ. ನೆಲ ಮುಟ್ಟಿತು. ಕಾಲುಗಳು ನಿಂತವು.

ಅವಳು ಅಲ್ಲೇ ಧೂಳಲ್ಲಿ ಕೂತುಬಿಟ್ಟಳು. ಗಂಡ ಅವಳ ತಲೆಯ ಮೇಲೆ ಕೈ ಇಟ್ಟ, ಕೈಯಲ್ಲಿ ಕಾರ್ಬನ್ ಪುಡಿ ಇತ್ತು, ಅವಳು ತಳ್ಳಿದಳು.

ಪರೀಕ್ಷಕರು ಯಂತ್ರವನ್ನು ಮೇಜಿನ ಮೇಲಿಟ್ಟು, ಅಳತೆ ಇಕ್ಕಳ ತೆಗೆದು ಒಂದೊಂದು ಭಾಗವನ್ನೂ ಅಳೆದು ಬರೆಯತೊಡಗಿದರು. ಮುಂದಿನ ಬಲಗಾಲು ನೂರ ಇಪ್ಪತ್ತು ಮಿಲಿಮೀಟರ್. ಮುಂದಿನ ಎಡಗಾಲು ನೂರ ಇಪ್ಪತ್ತು. ಹಿಂದಿನ ಬಲಗಾಲು ನೂರ ಇಪ್ಪತ್ತು. ಹಿಂದಿನ ಎಡಗಾಲು...

"ನೂರ ಹದಿನೇಳು."

"ಸಾರ್, ಅದು ಕೈ ಜಾರಿದ್ದು," ಎಂದು ಅವಳು ಧಡಕ್ಕನೆ ಎದ್ದಳು. "ಎರಡು ನಿಮಿಷ ಕೊಡಿ, ಉಳಿದ ಮೂರನ್ನೂ ಉಜ್ಜಿ ಸಮ ಮಾಡಿಬಿಡ್ತೀನಿ."

"ಮಾಡಬಹುದು. ಆದ್ರೆ ಆಗ ಅದು ನಾನು ಪರೀಕ್ಷೆ ಮಾಡಿದ ಯಂತ್ರ ಅಲ್ಲ." ಅವರು ಪೆನ್ನು ಎತ್ತಿ ಹಿಡಿದರು. "ಮತ್ತೆ ಅರ್ಜಿ, ಮತ್ತೆ ಐದು ಸಲ."

"ಬೇಡ ಸಾರ್. ಬೇಡ."

"ಪಾಸಾದದ್ದು ಹೇಗಿದೆಯೋ ಹಾಗೇ ನಕ್ಷೆ. ಇನ್ನು ಮುಂದೆ ನೀವು ಮಾಡೋ ಒಂದೊಂದು ಯಂತ್ರವೂ ಹೀಗೇ ಇರಬೇಕು." ಅವರು ನೂರ ಹದಿನೇಳು ಎಂದು ಬರೆದು, ಮುದ್ರೆ ಒತ್ತಿ, ಮುದ್ರೆಯ ಮೇಲೆ ಊದಿದರು. ಆಗ ಅವರ ಇಸ್ತ್ರಿ ಮಾಡಿದ ಮುಖದಲ್ಲಿ ಒಂದು ಸುಕ್ಕು ಕಂಡಿತೆಂದು ಅತ್ತೆ ಹೇಳುತ್ತಾರೆ. ತಕ್ಕಡಿ ಅದನ್ನು ನೋಡಲಿಲ್ಲ. ಅವಳು ಮುದ್ರೆ ನೋಡುತ್ತಿದ್ದಳು.

ಇದೆಲ್ಲ ಆಗಿ ಒಂಬತ್ತು ವರ್ಷ. ಮಹಡಿ ರೂಮು ಮಗಳದಾಯಿತು, ಕಾರ್ಖಾನೆ ದೊಡ್ಡ ಶೆಡ್ಡಿಗೆ ಹೋಯಿತು. ಮೋಟಾರು ಸುತ್ತುವ ಸಾಲಿಗೆ ಫ್ಯಾನ್ ಮೇಷ್ಟ್ರು ಕಲಿಸಿದ ಹನ್ನೆರಡು ಹೆಂಗಸರಿದ್ದಾರೆ, ಬ್ಯಾಟರಿ ಪಟ್ಟಿ ಹೊಲಿಯುವ ವಿಭಾಗ ಅತ್ತೆಯ ಕೈಯಲ್ಲಿದೆ. ಕಾಲು ಕೊಯ್ಯುವ ಯಂತ್ರವಂತೂ ಕೂದಲೆಳೆ ತಪ್ಪದೆ ಕೊಯ್ಯುತ್ತದೆ. ಮೂರು ಕಾಲು ನೂರ ಇಪ್ಪತ್ತು, ಒಂದು ನೂರ ಹದಿನೇಳು.

ಕಾಲೇಜು ಮುಗಿಸಿ ಬರುವ ಹೊಸ ಇಂಜಿನಿಯರುಗಳು ಮೊದಲ ವಾರದಲ್ಲೇ ಅದನ್ನು ಕಂಡುಹಿಡಿಯುತ್ತಾರೆ. ಮೊನ್ನೆಯೂ ಒಬ್ಬಳು ನಕ್ಷೆ ಸುತ್ತಿಕೊಂಡು, ಯಾರಿಗೂ ಕೇಳಿಸದ ಹಾಗೆ ಬಾಗಿಲು ಮುಂದೆ ಮಾಡಿ ಒಳಗೆ ಬಂದಳು.

"ಮೇಡಂ, ತಪ್ಪು ತಿಳ್ಕೋಬೇಡಿ. ಹಿಂದಿನ ಎಡಗಾಲು ಮೂರು ಮಿಲಿಮೀಟರ್ ಕಡಿಮೆ ಇದೆ."

"ಹೌದಾ?" ಎಂದಳು ತಕ್ಕಡಿ, ಕನ್ನಡಕ ಏರಿಸಿ.

"ಬೇಕಂತಲೇ ಇರಬಹುದಾ? ಗಾಳಿಯ ಒತ್ತಡಕ್ಕೆ ಸಂಬಂಧಪಟ್ಟದ್ದಾ?"

"ಒತ್ತಡಕ್ಕೇ ಸಂಬಂಧಪಟ್ಟದ್ದು," ಎಂದು ತಕ್ಕಡಿ ಗಂಭೀರವಾಗಿ ತಲೆಯಾಡಿಸಿದಳು. "ಒಂದು ವಾರ ಲೆಕ್ಕ ಹಾಕಿ ನೋಡು, ಎಷ್ಟು ಒತ್ತಡ ಅಂತ ನಿನಗೇ ಗೊತ್ತಾಗತ್ತೆ."

ಪಾಪ, ಆ ಹುಡುಗಿ ನಾಲ್ಕು ದಿನದಿಂದ ಲೆಕ್ಕ ಹಾಕುತ್ತಿದ್ದಾಳೆ. ಗೋದಾಮಿನಲ್ಲಿ ತಯಾರಾದ ಯಂತ್ರಗಳು ಹಲಗೆಯ ಮೇಲೆ ಸಾಲಾಗಿ, ಎಲ್ಲವೂ ಒಂದೇ ಕಡೆ ಕೂದಲೆಳೆಯಷ್ಟು ವಾಲಿಕೊಂಡು, ಪಕ್ಕದ ಮನೆಯ ಮಾತಿಗೆ ಕಿವಿಗೊಟ್ಟವರ ಹಾಗೆ ನಿಂತಿವೆ. ಬೆಳಿಗ್ಗೆ ಪಟ್ಟಿಗಳ ಕಟ್ಟು ಹಿಡಿದು ಆ ದಾರಿಯಲ್ಲಿ ಹಾದುಹೋಗುವ ಅತ್ತೆ ದಿನವೂ ಒಂದು ಗಳಿಗೆ ನಿಲ್ಲುತ್ತಾರೆ.

"ನೆಟ್ಟಗೆ ನಿಂತ್ಕೊಳ್ರೋ," ಎಂದು ಗದರಿ ಮುಂದೆ ಹೋಗುತ್ತಾರೆ.